ನೋವಿಲ್ಲದ ಕಾಯಿಲೆಗೆ ದಿನಾ ಮದ್ದು: ಗ್ಲಾಕೋಮಾ ಹನಿ ಯಾಕೆ ತಪ್ಪಿಹೋಗುತ್ತದೆ?



ಇವತ್ತಿನ ಸಂಚಿಕೆ ಕಣ್ಣಿನ ಬಗ್ಗೆ. ಮೊಬೈಲ್ ನೋಡಿದ್ರೆ ಕಣ್ಣು ಹಾಳಾಗುತ್ತಾ ಅನ್ನುವ ಪ್ರಶ್ನೆಯನ್ನು ಇನ್ನೊಂದು ದಿನ ನೋಡೋಣ. ಇವತ್ತಿನದ್ದು ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆ ಇಡುವ ಜಾಗದ ಪಕ್ಕ ಇರಬಹುದಾದ ಒಂದು ಪುಟ್ಟ ಬಾಟ್ಲಿಯ ವಿಷಯ. ಒಳಗೆ ಎರಡೂವರೆ ಅಥವಾ ಮೂರು ಎಂ.ಎಲ್. ಮದ್ದು ಇರುತ್ತದೆ, ಅಷ್ಟೇ. ಅಜ್ಜನದ್ದೋ, ಅಜ್ಜಿಯದ್ದೋ, ಈಗೀಗ ಅಪ್ಪನದ್ದೋ ಇರಬಹುದು. ಆ ಬಾಟ್ಲಿಯಿಂದ ದಿನಾ ರಾತ್ರಿ ಹನಿ ಹೊರಗೆ ಬರ್ತದಾ ಇಲ್ವಾ ಅನ್ನುವುದು ಇವತ್ತಿನ ಪ್ರಶ್ನೆ.

ಕೇಳಲು ತೀರಾ ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ 40 ವರ್ಷಗಳ ಸಂಶೋಧನೆ ಉಂಟು. 1986ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ತಂಡವೊಂದು ಒಂದು ಉಪಾಯ ಮಾಡಿತು. ಆಗ ಗ್ಲಾಕೋಮಾಕ್ಕೆ ಪೈಲೋಕಾರ್ಪಿನ್ ಅನ್ನುವ ಹನಿ, ದಿನಕ್ಕೆ ನಾಲ್ಕು ಸಲ. 184 ಮಂದಿಯ ಬಾಟ್ಲಿಗೆ ಒಂದು ಎಲೆಕ್ಟ್ರಾನಿಕ್ ಸಾಧನ ಜೋಡಿಸಿ, ಮುಚ್ಚಳ ಯಾವಾಗ ತೆರೆಯಿತು ಅಂತ ದಾಖಲಿಸಿದರು. ಕೊನೆಗೆ ರೋಗಿಗಳನ್ನು ಕೇಳಿದಾಗ ಅವರ ಲೆಕ್ಕ: ಶೇ 97ರಷ್ಟು ಹನಿ ಹಾಕಿದ್ದೇವೆ. ಸಾಧನದ ಲೆಕ್ಕ: ಶೇ 76. ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಹೆಚ್ಚಿನವರು ನಿಜವಾಗಿಯೂ ಹಾಗೇ ಅಂದುಕೊಂಡಿರುತ್ತಾರೆ. ನಿನ್ನೆ ರಾತ್ರಿ ಮದ್ದು ಬಿಟ್ಟದ್ದಾ, ಮೊನ್ನೆ ಬಿಟ್ಟದ್ದಾ ಅಂತ ನೆನಪಿಟ್ಟುಕೊಳ್ಳಲು ಅದೇನು ಮದುವೆಯಾ?

ನಾನು ನೆಟ್ಟಣದವನು. ಕಡಬ ತಾಲ್ಲೂಕು. ಊರಿನ ಹೆಸರು ಕೇಳದವರೂ ರೈಲು ಇಳಿದಿರುತ್ತೀರಿ, ಯಾಕಂದ್ರೆ ಕುಕ್ಕೆಗೆ ಹೋಗುವವರು ಇಳಿಯುವ ‘ಸುಬ್ರಹ್ಮಣ್ಯ ರೋಡ್’ ಸ್ಟೇಷನ್ ಇರುವುದು ನಮ್ಮ ನೆಟ್ಟಣದಲ್ಲಿ. ಘಾಟಿ ಇಳಿದ ರೈಲು ಉಸಿರು ಬಿಡುವ ಜಾಗ. ಸುತ್ತ ಅಡಿಕೆ, ರಬ್ಬರ್, ತೆಂಗು, ಕಾಡು. ಇದೇ ಊರಿನಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ಅಡಿಕೆ ಕೃಷಿಕರು. ಅವರ ಎಡಗಣ್ಣಿನ ದೃಷ್ಟಿಯ ಹೆಚ್ಚಿನ ಭಾಗ ಹೋಗಿದೆ. ಬಲಗಣ್ಣು ಉಳಿಸಿಕೊಳ್ಳಬೇಕು. ಅದಕ್ಕೆ ಇರುವುದು ಆ ಬಾಟ್ಲಿ. ನನ್ನ ಹೆಸರು ಹೇಳಬೇಡ, ಉಳಿದದ್ದೆಲ್ಲ ಹೇಳು ಅಂದಿದ್ದಾರೆ.

ಮೊದಲು ಕಾಯಿಲೆ ಏನು ಅಂತ ನೋಡೋಣ.

ಕಣ್ಣಿನ ಮುಂಭಾಗದಲ್ಲಿ ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಾ ಇರುತ್ತದೆ, ಸದಾ ಹೊರಗೆ ಹರಿಯುತ್ತಾ ಇರುತ್ತದೆ. ಇದು ಕಣ್ಣೀರಲ್ಲ, ಒಳಗಿನ ನೀರು. ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ, ನೀರು ಬರುವ ಕಡೆಯೂ ಉಂಟು, ಹೋಗುವ ಕಣಿಯೂ ಉಂಟು. ಕಣಿಯಲ್ಲಿ ಹೂಳು ತುಂಬಿದರೆ ತೋಟದಲ್ಲಿ ನೀರು ನಿಲ್ಲುತ್ತದೆ, ಬುಡ ಕೊಳೆಯುತ್ತದೆ. ಕಣ್ಣಿನಲ್ಲಿಯೂ ನೀರು ಹೋಗುವ ದಾರಿ ಬಿಗಿಯಾದರೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ ಅಂದರೆ ಸುಮಾರು 10ರಿಂದ 21 ಮಿಲಿಮೀಟರ್ ಪಾದರಸ. ಏರಿದ ಒತ್ತಡ ಕಣ್ಣಿನಿಂದ ಮೆದುಳಿಗೆ ಹೋಗುವ ನರವನ್ನು ನಿಧಾನಕ್ಕೆ ಸಾಯಿಸುತ್ತದೆ. ಕೆಲವರಿಗೆ ಒತ್ತಡ ಸಾಮಾನ್ಯ ಇದ್ದರೂ ನರ ಹಾಳಾಗುತ್ತದೆ, ಅದು ಈ ಕಾಯಿಲೆಯ ಇನ್ನೊಂದು ಕಿರಿಕಿರಿ. ಹೇಗಿದ್ದರೂ ನಾವು ಬದಲಾಯಿಸಲು ಸಾಧ್ಯವಿರುವುದು ಒತ್ತಡ ಒಂದನ್ನೇ. ಆದ್ದರಿಂದ ಎಲ್ಲ ಚಿಕಿತ್ಸೆಯೂ ಅದರ ಸುತ್ತವೇ.

ಈ ಕಾಯಿಲೆಯಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಹಾಗಾಗಿ ಪ್ರಪಂಚದಲ್ಲಿ ‘ಮರಳಿ ಬಾರದ’ ಕುರುಡುತನಕ್ಕೆ ಮೊದಲ ಕಾರಣ ಗ್ಲಾಕೋಮಾ. ಭಾರತದಲ್ಲಿ 40 ವರ್ಷ ದಾಟಿದವರಲ್ಲಿ ಸುಮಾರು 1.1 ಕೋಟಿಗೂ ಹೆಚ್ಚು ಮಂದಿಗೆ ಇರಬಹುದು ಅನ್ನುವ ಅಂದಾಜು ಉಂಟು. ಇವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ತಮಿಳುನಾಡಿನ ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ಗ್ಲಾಕೋಮಾ ಸಿಕ್ಕವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿಗೆ ಆ ದಿನದವರೆಗೆ ವಿಷಯವೇ ಗೊತ್ತಿರಲಿಲ್ಲ.

ಯಾಕೆ ಗೊತ್ತಾಗುವುದಿಲ್ಲ? ನೋವಿಲ್ಲ. ಕೆಂಪಾಗುವುದಿಲ್ಲ. ದೃಷ್ಟಿ ಹೋಗುವುದು ಬದಿಯಿಂದ, ಅದೂ ಚೂರು ಚೂರಾಗಿ. ಒಂದು ಕಣ್ಣಿನ ಖಾಲಿ ಜಾಗವನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮೆದುಳು ತುಂಬುತ್ತದೆ. ಎದುರಿಗಿನ ಪೇಪರಿನ ಅಕ್ಷರ ಕೊನೆಯವರೆಗೂ ಚಂದ ಕಾಣುತ್ತದೆ. ದೊಡ್ಡಪ್ಪನಿಗೆ ಗೊತ್ತಾದದ್ದು ಸೊಳ್ಳೆ ಓಡಿಸುವಾಗ ಬಲಗಣ್ಣು ಮುಚ್ಚಿದಾಗಂತೆ. ಗೋಡೆಯ ಕ್ಯಾಲೆಂಡರಿನ ಅರ್ಧ ಮಾಯ. ಥಟ್ಟನೆ ಕಣ್ಣು ನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುವ ಇನ್ನೊಂದು ಬಗೆಯ ಗ್ಲಾಕೋಮಾವೂ ಉಂಟು. ಅದಾದರೆ ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು, ಈ ಸಂಚಿಕೆ ಮುಗಿಯುವವರೆಗೂ ಕಾಯಬಾರದು. ಇವತ್ತು ನಾವು ಮಾತಾಡುವುದು ಸದ್ದಿಲ್ಲದ ಬಗೆಯ ಬಗ್ಗೆ.

ಈಗ ಹನಿಯ ವಿಷಯಕ್ಕೆ ಬರ್ತೇನೆ.

ಈಗ ಹೆಚ್ಚಾಗಿ ಮೊದಲು ಬರೆದುಕೊಡುವುದು ಲಾಟನೋಪ್ರಾಸ್ಟ್, ಟ್ರಾವೋಪ್ರಾಸ್ಟ್, ಬಿಮಾಟೊಪ್ರಾಸ್ಟ್ ಗುಂಪಿನ ಹನಿ. ಇವು ಕಣಿಯನ್ನು ಅಗಲ ಮಾಡುವ ಮದ್ದು, ಅಂದರೆ ನೀರು ಹೊರಗೆ ಹೋಗಲು ಸಹಾಯ ಮಾಡುತ್ತವೆ. ದಿನಕ್ಕೆ ಒಂದೇ ಸಲ, ಸಾಮಾನ್ಯವಾಗಿ ರಾತ್ರಿ. ಟಿಮೊಲಾಲ್ ಅನ್ನುವುದು ಹಳೆಯದು, ಅಗ್ಗ, ನೀರು ಹುಟ್ಟುವುದನ್ನೇ ಕಮ್ಮಿ ಮಾಡುತ್ತದೆ. ಹೆಚ್ಚಾಗಿ ದಿನಕ್ಕೆ ಎರಡು ಸಲ. ಉಬ್ಬಸ ಇದ್ದವರು ಇದನ್ನು ಬಿಟ್ಟರೆ ಉಸಿರಿಗೇ ತೊಂದರೆ ಆಗಬಹುದು, ಆದ್ದರಿಂದ ದಮ್ಮು ಉಂಟು ಅಂತ ಡಾಕ್ಟ್ರಿಗೆ ಮೊದಲೇ ಹೇಳಬೇಕು. ಬರೀ ಕಣ್ಣಿನ ಹನಿ ಅಲ್ವಾ ಅಂತ ತಳ್ಳಿಹಾಕುವ ಹಾಗಿಲ್ಲ. ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ದಾರಿ ಉಂಟು, ಮೂಗಿನಿಂದ ರಕ್ತಕ್ಕೆ.

ಒತ್ತಡ ಇಳಿದರೆ ಪ್ರಯೋಜನ ಆಗುತ್ತದಾ? ಆಗುತ್ತದೆ, ಇದಕ್ಕೆ ಗಟ್ಟಿ ಪುರಾವೆ ಉಂಟು. 2002ರಲ್ಲಿ ಅಮೆರಿಕದಲ್ಲಿ ಮುಗಿದ ದೊಡ್ಡ ಪ್ರಯೋಗವೊಂದರಲ್ಲಿ, ಕಣ್ಣಿನ ಒತ್ತಡ ಜಾಸ್ತಿ ಇದ್ದು ನರ ಇನ್ನೂ ಸರಿ ಇದ್ದವರನ್ನು ಎರಡು ಗುಂಪು ಮಾಡಿದರು. ಐದು ವರ್ಷದಲ್ಲಿ ಮದ್ದು ಇಲ್ಲದ ಗುಂಪಿನ ಶೇ 9.5 ಮಂದಿಗೆ ಗ್ಲಾಕೋಮಾ ಬಂತು, ಮದ್ದು ಹಾಕಿದವರಲ್ಲಿ ಶೇ 4.4 ಮಂದಿಗೆ. ಅರ್ಧಕ್ಕಿಂತ ಕಮ್ಮಿ. ಸ್ವೀಡನ್ನಿನ ಇನ್ನೊಂದು ಅಧ್ಯಯನದ ಲೆಕ್ಕದಲ್ಲಿ, ಇಳಿದ ಒಂದೊಂದು ಮಿಲಿಮೀಟರಿಗೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ಇಳಿಯುತ್ತದೆ.

ಅಂದರೆ ಮದ್ದು ಉಂಟು, ಅದು ಕೆಲಸ ಮಾಡುತ್ತದೆ, ದಿನಕ್ಕೆ ಒಂದು ಹನಿ ಸಾಕು. ಆದರೂ ಜನ ಹಾಕುವುದಿಲ್ಲ. ಅಮೆರಿಕದ ವಿಮಾ ದಾಖಲೆಗಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗ್ಲಾಕೋಮಾ ಹನಿ ಶುರು ಮಾಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ಎಲ್ಲ ಹನಿಯನ್ನೂ ನಿಲ್ಲಿಸಿದ್ದರು.

ದುಡ್ಡಿನ ಸಮಸ್ಯೆ ಅಂತ ನೀವು ಹೇಳಬಹುದು. ಅದನ್ನೂ ಪರೀಕ್ಷಿಸಿದ್ದಾರೆ. 2009ರಲ್ಲಿ ಬಂದ ಅಧ್ಯಯನವೊಂದರಲ್ಲಿ ಟ್ರಾವೋಪ್ರಾಸ್ಟ್ ಬಾಟ್ಲಿಯನ್ನು ಲೆಕ್ಕ ಇಡುವ ಒಂದು ಪೆಟ್ಟಿಗೆಯೊಳಗೆ ಇಟ್ಟು 196 ಮಂದಿಗೆ ಕೊಟ್ಟರು. ಮದ್ದು ಫ್ರೀ. ನಿಮ್ಮನ್ನು ಈ ಯಂತ್ರ ನೋಡ್ತಾ ಇದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಮೂರು ತಿಂಗಳಲ್ಲಿ ಸರಾಸರಿ ಹಾಕಿದ್ದು ಶೇ 71. ಸುಮಾರು ಶೇ 45 ಮಂದಿ ಹಾಕಬೇಕಾದ ಹನಿಯ ಮುಕ್ಕಾಲು ಭಾಗವನ್ನೂ ಹಾಕಿರಲಿಲ್ಲ. ಫ್ರೀ ಕೊಟ್ಟರೂ, ನೋಡ್ತಾ ಇದ್ದೇವೆ ಅಂದರೂ!

ಇದನ್ನು ದೊಡ್ಡಪ್ಪನಿಗೆ ಹೇಳಿದೆ. “ಅಮೆರಿಕದವರೂ ಹಾಗೆಯಾ?” ಅಂತ ಅವರಿಗೆ ಸ್ವಲ್ಪ ಸಮಾಧಾನ ಆದ ಹಾಗಿತ್ತು.

ನಮ್ಮೂರಲ್ಲಿ ಇದು ಯಾಕೆ ತಪ್ಪುತ್ತದೆ ಅಂತ ನಾನು ಒಂದಷ್ಟು ಮಂದಿಯನ್ನು ಕೇಳಿದೆ. ಮೊದಲು ಸಿಕ್ಕಿದ ಉತ್ತರ: “ಮದ್ದು ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ.” ಇದು ಉಡಾಫೆಯ ಮಾತಲ್ಲ, ಅವರು ಕಂಡದ್ದನ್ನು ಹೇಳಿದ್ದು. ಜ್ವರಕ್ಕೆ ಮಾತ್ರೆ ನುಂಗಿದರೆ ಜ್ವರ ಬಿಡುತ್ತದೆ. ಈ ಹನಿ ಹಾಕಿದರೆ ಏನೂ ಆಗುವುದಿಲ್ಲ. ಇನ್ನೂ ನೋಡಿದರೆ ಸ್ವಲ್ಪ ಉರಿ, ಕಣ್ಣು ಕೆಂಪು, ರೆಪ್ಪೆಕೂದಲು ಉದ್ದ, ಕಣ್ಣಿನ ಸುತ್ತ ಚರ್ಮ ಕಪ್ಪು. ಅಂದರೆ ಆರಾಮಾಗಿದ್ದ ಕಣ್ಣಿಗೆ ಮದ್ದು ಬಿಟ್ಟೇ ತೊಂದರೆ ಶುರುವಾದ ಹಾಗೆ ಕಾಣುತ್ತದೆ. ಹನಿ ಬಿಟ್ಟದ್ದರ ಫಲ ಅಂದರೆ ಐದು ವರ್ಷದ ನಂತರ ‘ಏನೂ ಆಗದೆ ಇರುವುದು’. ಅದು ಯಾರ ಕಣ್ಣಿಗೆ ಕಾಣುತ್ತದೆ?

ಆದರೆ ನಮ್ಮ ಕಡೆಯವರಿಗೆ ಇಂಥ ಮದ್ದಿನ ಅಭ್ಯಾಸ ಇಲ್ಲ ಅಂತ ಹೇಳಿದರೆ ನಾನು ಒಪ್ಪುವುದಿಲ್ಲ. ಅಡಿಕೆ ತೋಟ ಇದ್ದವರಿಗೆ ಗೊತ್ತುಂಟು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಬಿಡುತ್ತೇವೆ? ಮಳೆ ಹಿಡಿಯುವ ಮೊದಲು. ಗೊನೆಯಲ್ಲಿ ಒಂದು ಕಾಯಿಯೂ ಕೊಳೆತಿರುವುದಿಲ್ಲ, ಎಲ್ಲ ಹಸಿರು ಹಸಿರು ಇರುತ್ತದೆ, ಆಗಲೇ ಮರ ಹತ್ತಿಸಿಯೋ ದೋಟಿಯಲ್ಲೋ ಮದ್ದು ಹೊಡೆಸುತ್ತೇವೆ. 40–45 ದಿನ ಬಿಟ್ಟು ಮತ್ತೆ. ಆಳು ಸಿಗದಿದ್ದರೆ ನಿದ್ದೆ ಬರುವುದಿಲ್ಲ. ಬಿದ್ದ ಕಾಯಿಯನ್ನು ಎತ್ತಿ ಗೊನೆಗೆ ಅಂಟಿಸಲು ಆಗುವುದಿಲ್ಲ ಅಂತ ಗೊತ್ತಿರುವ ಕಾರಣ ಅಲ್ವಾ? ಕಣ್ಣಿನ ನರದ ಎಳೆಗಳೂ ಹಾಗೇ ಉದುರುತ್ತವೆ, ಅವನ್ನೂ ಅಂಟಿಸಲು ಆಗುವುದಿಲ್ಲ. ಎಷ್ಟೋ ಆರೋಗ್ಯ ಪೋಸ್ಟರ್ ಓದಿದ್ದೇನೆ, ಈ ಮಾತು ಎಲ್ಲೂ ಸಿಗಲಿಲ್ಲ. ದೊಡ್ಡಪ್ಪನಿಗೆ ವಿಷಯ ತಲೆಗೆ ಹೋದದ್ದು ಇಲ್ಲೇ. “ಹಾಗಾದ್ರೆ ಇದು ಗುಣ ಆಗ್ಲಿಕ್ಕೆ ಬಿಡುವ ಮದ್ದು ಅಲ್ಲ ಮಾರಾಯ, ಕಾಯ್ಲಿಕ್ಕೆ ಬಿಡುವ ಮದ್ದು,” ಅಂದರು.

ಎರಡನೆಯ ಕಾರಣ ಸ್ವಲ್ಪ ಇತಿಹಾಸದ್ದು. ಕರ್ನಾಟಕದಲ್ಲಿ ‘ಕಣ್ಣಿನ ಕಾಯಿಲೆ’ ಅಂದರೆ ಜನಕ್ಕೆ ಪೊರೆ ನೆನಪಾಗುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರು ಊರೂರು ತಿರುಗಿ ಶಿಬಿರ ಮಾಡಿ ಲಕ್ಷಾಂತರ ಮಂದಿಯ ಪೊರೆ ತೆಗೆದರು. 2005ರಲ್ಲಿ ಅವರು ತೀರಿಕೊಂಡರೂ ಶಿಬಿರ ಅನ್ನುವ ಪದ್ಧತಿ ಉಳಿದಿದೆ. ಕರಾವಳಿಯಲ್ಲಂತೂ ಶಾಲೆಯ ಹಾಲಿನಲ್ಲಿ, ಸಂಘದ ಕಟ್ಟಡದಲ್ಲಿ ವರ್ಷಕ್ಕೆ ಒಂದಾದರೂ ಕಣ್ಣಿನ ಶಿಬಿರ ಇರುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಪೊರೆಯ ಕಥೆಯಲ್ಲಿ ಒಂದು ಮುಕ್ತಾಯ ಉಂಟು: ಕಾಣುತ್ತಿರಲಿಲ್ಲ, ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಕಾಣಿಸಿತು. ಅದಾದ ಮೇಲಿನ ಹನಿ ಕೆಲವು ವಾರ ಮಾತ್ರ. ಗ್ಲಾಕೋಮಾ ಬಾಟ್ಲಿ ಕೈಗೆ ಬಂದಾಗಲೂ ಜನ ಅದೇ ಲೆಕ್ಕ ಹಾಕುತ್ತಾರೆ. ಬಾಟ್ಲಿ ಖಾಲಿ ಆಯಿತು, ಕೋರ್ಸ್ ಮುಗಿಯಿತು. “ಇದು ಬಿಪಿ ಮಾತ್ರೆಯ ಹಾಗೆ, ಜೀವನ ಪೂರ್ತಿ” ಅಂತ ಯಾರಾದರೂ ಕೂತು ಹೇಳದಿದ್ದರೆ ಗೊತ್ತಾಗುವುದು ಹೇಗೆ? ನೂರಾರು ಮಂದಿ ಸಾಲಿನಲ್ಲಿ ನಿಂತಿರುವ ಓಪಿಡಿಯಲ್ಲಿ ಡಾಕ್ಟ್ರಿಗೂ ಸಿಗುವುದು ಎರಡು ಮೂರು ನಿಮಿಷ.

ದೂರವೂ ಒಂದು ಕಾರಣ. ನೆಟ್ಟಣದಿಂದ ಕಡಬಕ್ಕೋ ಸುಳ್ಯಕ್ಕೋ ಪುತ್ತೂರಿಗೋ ಹೋಗಬೇಕು, ನರದ ಸ್ಕ್ಯಾನು, ಫೀಲ್ಡ್ ಟೆಸ್ಟು ಅಂದರೆ ಹೆಚ್ಚಾಗಿ ಮಂಗಳೂರು. ಒಂದು ಇಡೀ ದಿನ ಹೋಗುತ್ತದೆ, ಜತೆಗೆ ಒಬ್ಬರು ಬೇಕು. ಹತ್ತಿರದ ಮೆಡಿಕಲಿನಲ್ಲಿ ಬರೆದ ಕಂಪನಿಯ ಹನಿ ಇರುವುದಿಲ್ಲ, “ನಾಡಿದ್ದು ಬರ್ತದೆ” ಅನ್ನುತ್ತಾರೆ, ನಾಡಿದ್ದು ಅಂದರೆ ಮುಂದಿನ ವಾರ. ಆ ನಡುವಿನ ವಾರ ಬಾಟ್ಲಿ ಖಾಲಿ. ಇದಕ್ಕೆ ಪರಿಹಾರ ಸುಲಭ, ಅಲ್ಲಾಡಿಸಿ ನೋಡಿ ಕಾಲು ಭಾಗ ಉಳಿದಾಗಲೇ ಇನ್ನೊಂದು ತರಿಸಬೇಕು. ಮದ್ದಿನ ಮೂಲ ಹೆಸರು ಗೊತ್ತಿದ್ದರೆ ಕಂಪನಿ ಬೇರೆಯಾದರೂ ಸಿಗಬಹುದು, ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು. ಬದಲಾಯಿಸುವ ಮೊದಲು ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಇನ್ನು ಫ್ರಿಜ್. ಲಾಟನೋಪ್ರಾಸ್ಟ್‌ನ ಹೆಚ್ಚಿನ ಬ್ರಾಂಡುಗಳನ್ನು ತೆರೆಯುವ ಮೊದಲು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ತೆರೆದ ಮೇಲೆ ತಂಪಾದ ಕೋಣೆಯಲ್ಲಿ ಕೆಲವು ವಾರ ಇಡಬಹುದು. ನಮ್ಮಲ್ಲಿ ಜೂನ್–ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ ಅಂತ ಈ ಚೀಟಿ ಬರೆದವರಿಗೆ ಗೊತ್ತಾ? ಆ ದಿನಗಳಲ್ಲಿ ಹೊರಗೂ ತಂಪೇ ಇರುತ್ತದೆ, ಅಷ್ಟು ಗಾಬರಿ ಬೇಡ. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಾಟ್ಲಿ ಬಿಟ್ಟು ಹೋಗುವುದು ಅದಕ್ಕಿಂತ ದೊಡ್ಡ ಸಮಸ್ಯೆ.

ರಾತ್ರಿಗಳ ಲೆಕ್ಕವೂ ಬೇರೆ. ರಾತ್ರಿ ಮಲಗುವ ಮೊದಲು ಅಂತ ಚೀಟಿಯಲ್ಲಿ ಬರೆದಿರುತ್ತದೆ. ನೇಮಕ್ಕೆ ಹೋದ ರಾತ್ರಿ ಮಲಗುವುದೇ ಇಲ್ಲ. ಆಟ ನೋಡಲು ಹೋದರೆ ಬೆಳಿಗ್ಗೆ ಬರುವುದು. ನೆಂಟರ ಮನೆಯಲ್ಲಿ ಉಳಿದರೆ ಬಾಟ್ಲಿ ಮನೆಯಲ್ಲಿ. ದೊಡ್ಡಪ್ಪನದ್ದು ಲೆಕ್ಕ ಹಾಕಿದೆವು. ಸೀಸನ್ನಿನಲ್ಲಿ ತಿಂಗಳಿಗೆ ಆರೇಳು ರಾತ್ರಿ ಹೀಗೇ ಹೋಗುತ್ತಿತ್ತು. ಅವರು ಡಾಕ್ಟ್ರನ್ನು ಕೇಳಿ ಸಂಜೆ ಏಳು ಗಂಟೆಗೆ ಬದಲಾಯಿಸಿಕೊಂಡರು, ದೇವರಿಗೆ ದೀಪ ಇಟ್ಟ ಮೇಲೆ. ಇಂಥ ಹನಿಯ ಪ್ರಭಾವ ಸುಮಾರು 24 ಗಂಟೆ ಇರುವುದರಿಂದ ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹಾಕುವುದು ಮುಖ್ಯ. ಆ ಹೊತ್ತು ರಾತ್ರಿ ಹತ್ತೇ ಆಗಬೇಕು ಅಂತ ಇಲ್ಲ.

ಈಗ ಒಂದು ವಿಚಿತ್ರ ಸಂಗತಿ. 2009ರ ಅಧ್ಯಯನಕ್ಕೆ ವಾಪಸ್ ಹೋಗೋಣ. ಅರ್ಧಕ್ಕಿಂತ ಕಮ್ಮಿ ಹನಿ ಹಾಕಿದವರ ಗ್ರಾಫ್ ನೋಡಿದರೆ ಎರಡು ಕಡೆ ಗುಡ್ಡ ಕಾಣುತ್ತದೆ: ಡಾಕ್ಟ್ರನ್ನು ನೋಡಿ ಬಂದ ಕೂಡಲೇ ಮತ್ತು ಮುಂದಿನ ಸಲ ಹೋಗುವ ಸ್ವಲ್ಪ ಮೊದಲು. ನಡುವೆ ತಗ್ಗು. ಪರೀಕ್ಷೆಯ ಹಿಂದಿನ ವಾರ ಓದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಅದು ತುಂಬಾ ಅಪಾಯ. ಯಾಕೆ ಅಂತ ಕೇಳಿ. ಕೊನೆಯ ವಾರ ಸರಿಯಾಗಿ ಹನಿ ಬಿಟ್ಟುಕೊಂಡು ಹೋದರೆ ಆ ದಿನ ಒತ್ತಡ ಚಂದ ಇಳಿದಿರುತ್ತದೆ. ಡಾಕ್ಟ್ರು ನೋಡುತ್ತಾರೆ, 14. ಒಳ್ಳೆಯದು. ಆದರೆ ಫೀಲ್ಡ್ ಟೆಸ್ಟಿನಲ್ಲಿ ದೃಷ್ಟಿ ಇನ್ನೂ ಕಮ್ಮಿಯಾಗಿದೆ. ಹಾಗಾದರೆ 14 ಕೂಡ ಈ ಕಣ್ಣಿಗೆ ಜಾಸ್ತಿ ಅಂತ ಅವರು ತಿಳಿಯುತ್ತಾರೆ, ಎರಡನೆಯ ಹನಿ ಬರೆಯುತ್ತಾರೆ. ಆಮೇಲೆ ಮೂರನೆಯದು. ಖರ್ಚು ಏರುತ್ತದೆ, ದಿನಕ್ಕೆ ಒಂದು ಹನಿಯ ಬದಲು ಐದು ಹನಿ, ತಪ್ಪುವುದು ಇನ್ನೂ ಜಾಸ್ತಿ. ಕೊನೆಗೆ ಆಪರೇಷನ್ ಮಾತು. ಮೊದಲ ಬಾಟ್ಲಿಯೇ ದಿನಾ ಹಾಕಿದ್ದರೆ ಸಾಕಾಗುತ್ತಿತ್ತೋ ಏನೋ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ.

ಇದರಲ್ಲಿ ಎಲ್ಲ ತಪ್ಪೂ ರೋಗಿಯದ್ದು ಅಂತ ನನಗೆ ಅನಿಸುವುದಿಲ್ಲ. “ಮದ್ದು ಸರಿಯಾಗಿ ಹಾಕ್ತಾ ಇದ್ದೀರಾ?” ಅಂತ ಬಿಳಿ ಕೋಟು ಹಾಕಿದವರು ಕೇಳಿದರೆ ನಮ್ಮಲ್ಲಿ ಒಂದೇ ಉತ್ತರ, “ಹೌದು ಡಾಕ್ಟ್ರೇ.” ಇಲ್ಲ ಅಂದರೆ ಬೈಗುಳ. ಅದೇ ಪ್ರಶ್ನೆಯನ್ನು “ಎಲ್ಲರಿಗೂ ಒಮ್ಮೊಮ್ಮೆ ತಪ್ಪುತ್ತದೆ, ಹೋದ ವಾರ ನಿಮಗೆ ಎಷ್ಟು ಸಲ ತಪ್ಪಿತು?” ಅಂತ ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಮನೆಯಲ್ಲಿಯೂ ಹಾಗೇ. ಅಪ್ಪನಿಗೆ ಫೋನ್ ಮಾಡಿ “ಹಾಕಿದ್ರಾ?” ಅಂತ ಗದರಿದರೆ “ಹಾಕಿದೆ” ಅನ್ನುತ್ತಾರೆ.

ಇನ್ನೊಂದು, ಹನಿ ಹಾಕುವವರ ಹನಿಯೂ ಕಣ್ಣಿಗೆ ಬೀಳುತ್ತಿಲ್ಲ. ದೆಹಲಿಯ ಏಮ್ಸ್‌ನ ವೈದ್ಯರು 70 ಮಂದಿ ಗ್ಲಾಕೋಮಾ ರೋಗಿಗಳಿಗೆ ತಾವೇ ಹನಿ ಹಾಕಿಕೊಳ್ಳಲು ಹೇಳಿ ಗಮನಿಸಿದರು. 2012ರಲ್ಲಿ ಅದು ಪ್ರಕಟವಾಯಿತು. ಒಂದೇ ಹನಿ, ಬೀಳಬೇಕಾದ ಜಾಗಕ್ಕೆ, ಬಾಟ್ಲಿಯ ತುದಿ ಎಲ್ಲೂ ತಾಗದ ಹಾಗೆ, ಇಷ್ಟನ್ನು ಮಾಡಿದವರು ಹತ್ತರಲ್ಲಿ ಒಬ್ಬರೂ ಇಲ್ಲ. ಉಳಿದವರ ಹನಿ ಕೆನ್ನೆಗೆ, ರೆಪ್ಪೆಗೆ, ಇಲ್ಲವೇ ಒಂದರ ಬದಲು ಮೂರು. ಅಡಿಕೆ ಸುಲಿದು ಸುಲಿದು ಬೆರಳು ಗಡಸಾದ ಕೈಗೆ ಆ ಪುಟ್ಟ ಬಾಟ್ಲಿ ಒತ್ತುವುದು ನಿಜಕ್ಕೂ ಕಷ್ಟ. ಕೈ ನಡುಗುವವರಿಗೆ ಇನ್ನೂ ಕಷ್ಟ. ದೊಡ್ಡಪ್ಪನ ಬಾಟ್ಲಿ 18 ದಿನಕ್ಕೆ ಖಾಲಿಯಾಗುತ್ತಿತ್ತು. ಕೆಲವು ಬಾಟ್ಲಿಗಳಲ್ಲಿ ತೂತು ಮಾಡಲು ಮುಚ್ಚಳದೊಳಗೇ ಒಂದು ಸಣ್ಣ ಮುಳ್ಳು ಇರುತ್ತದೆ, ಮುಚ್ಚಳ ಬಿಗಿದು ತಿರುಗಿಸಿದರೆ ಸಾಕು. ಇವರು ಪಿನ್ನು ಚುಚ್ಚುತ್ತಿದ್ದರು. ತೂತು ದೊಡ್ಡದು, ಹನಿ ಧಾರೆ!

ಹಾಗಾದರೆ ಹೇಗೆ ಹಾಕಬೇಕು? ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಅಥವಾ ಆರಾಮಾಗಿ ಮಲಗಿ. ಕೆಳರೆಪ್ಪೆಯನ್ನು ಬೆರಳಿಂದ ಸ್ವಲ್ಪ ಕೆಳಗೆ ಎಳೆದರೆ ಒಂದು ಪುಟ್ಟ ಕಿಸೆ ಆಗುತ್ತದೆ. ಮೇಲೆ ನೋಡುತ್ತಾ ಆ ಕಿಸೆಗೆ ಒಂದು ಹನಿ. ತುದಿ ರೆಪ್ಪೆಗೆ ತಾಗಬಾರದು, ತಾಗಿದರೆ ಬಾಟ್ಲಿಯೊಳಗೆ ರೋಗಾಣು ಸೇರಬಹುದು. ಆಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಮದ್ದು ಮೂಗಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಎರಡನೆಯ ಹನಿ ಜಾಸ್ತಿ ಇರಲಿ ಅಂತ ಹಾಕುವುದು ದಂಡ, ಕಣ್ಣಿನಲ್ಲಿ ಒಂದು ಹನಿಗೇ ಜಾಗ ಸಾಲುವುದಿಲ್ಲ, ಉಳಿದದ್ದು ಕೆನ್ನೆಗೆ. ಬೇರೆ ಬೇರೆ ಎರಡು ಮದ್ದು ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ತೆರೆದ ದಿನಾಂಕವನ್ನು ಬಾಟ್ಲಿಯ ಮೇಲೆ ಪೆನ್ನಲ್ಲಿ ಬರೆದಿಡಿ, ಹೆಚ್ಚಿನವನ್ನು ನಾಲ್ಕು ವಾರದ ನಂತರ ಎಸೆಯಬೇಕು. ಒಂದು ದಿನ ಮರೆತರೆ ಮಾರನೇ ದಿನ ಡಬಲ್ ಹಾಕಬಾರದು, ಎಂದಿನ ಹಾಗೆ ಒಂದೇ.

ನೀವು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು, ಊರಲ್ಲಿ ಅಪ್ಪ-ಅಮ್ಮ ಇದ್ದರೆ ಈಗ ಹೇಳುವುದು ನಿಮಗೆ. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಹನಿ ತಪ್ಪಿಸುವವರನ್ನೇ ಆರಿಸಿ, ಕೆಲವರಿಗೆ ದಿನಾ ಫೋನಿಗೆ ನೆನಪಿನ ಮೆಸೇಜು ಅಥವಾ ಕರೆ ಬರುವ ಹಾಗೆ ಮಾಡಿದರು. ಅವರ ಹನಿ ಹಾಕುವ ಪ್ರಮಾಣ ಶೇ 53ರಿಂದ 64ಕ್ಕೆ ಏರಿತು. ನೆನಪಿನ ಕರೆ ಇಲ್ಲದ ಗುಂಪು ಇದ್ದಲ್ಲೇ ಇತ್ತು. ಅಂದರೆ ಅಲಾರಾಂ ಕೆಲಸ ಮಾಡುತ್ತದೆ, ಆದರೆ ಪವಾಡ ಮಾಡುವುದಿಲ್ಲ. ನೂರರಲ್ಲಿ 36 ಹನಿ ಆಗಲೂ ತಪ್ಪಿದೆ. ನಾವು ಮನೆಯಲ್ಲಿ ಮಾಡಿದ್ದು ಎರಡು ಕೆಲಸ. ಒಂದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹನಿ ಹಾಕಿದ ದಿನ ಗೀಟು ಹಾಕುವುದು. ದೊಡ್ಡಮ್ಮನೇ ಹಾಕುತ್ತಾರೆ, ಗೀಟನ್ನೂ ಹನಿಯನ್ನೂ. ಇನ್ನೊಂದು, ಭಾನುವಾರದ ವಿಡಿಯೋ ಕಾಲ್ ಅನ್ನು ಸರಿಯಾಗಿ ಏಳಕ್ಕೆ ಇಟ್ಟುಕೊಂಡದ್ದು. ಮಾತಾಡುತ್ತಲೇ ಹನಿ ಬೀಳುವುದನ್ನು ನಾನು ನೋಡುತ್ತೇನೆ. ಹೇಳಿದರೆ ನಗ್ತೀರಿ, ಬಾಟ್ಲಿಯ ತುದಿ ರೆಪ್ಪೆಗೆ ತಾಗುತ್ತಾ ಇರುವುದು ಗೊತ್ತಾದದ್ದೇ ಮೊಬೈಲ್ ಸ್ಕ್ರೀನಿನಲ್ಲಿ. ಹೊಸ ಬಾಟ್ಲಿ ಈಗ ತಿಂಗಳು ಪೂರ್ತಿ ಬರುತ್ತದೆ.

ಹನಿಯೇ ಬೇಡ ಅನ್ನುವವರಿಗೆ ದಾರಿ ಇಲ್ಲವಾ? ಉಂಟು. ನೀರು ಹೋಗುವ ದಾರಿಗೆ ಕೊಡುವ ಒಂದು ಬಗೆಯ ಲೇಸರ್ ಚಿಕಿತ್ಸೆ ಇದೆ, ಎಸ್‌ಎಲ್‌ಟಿ ಅಂತ. ಕೆಲವು ನಿಮಿಷದ ಕೆಲಸ, ಅಡ್ಮಿಟ್ ಆಗಬೇಕಾಗಿಲ್ಲ. ಬ್ರಿಟನ್ನಿನಲ್ಲಿ 718 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಲೇಸರ್ ಮಾಡಿಸಿದವರಲ್ಲಿ ಶೇ 74ರಷ್ಟು ಮಂದಿಗೆ ಮೂರು ವರ್ಷದ ಕೊನೆಯಲ್ಲೂ ಹನಿ ಬೇಕಾಗಿರಲಿಲ್ಲ. ಎಲ್ಲ ಬಗೆಯ ಗ್ಲಾಕೋಮಾಕ್ಕೂ ಆಗುವುದಿಲ್ಲ, ಪ್ರಭಾವ ವರ್ಷ ಕಳೆದಂತೆ ಇಳಿಯುತ್ತದೆ, ಯಂತ್ರ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಆದರೂ ಹನಿ ಪದೇಪದೇ ತಪ್ಪುವ ಮನೆಯವರು ಡಾಕ್ಟ್ರ ಹತ್ತಿರ ಈ ಪ್ರಶ್ನೆ ಕೇಳಲೇಬೇಕು ಅಂತ ನನ್ನ ಅಭಿಪ್ರಾಯ. ಎರಡು ಮದ್ದು ಇರುವವರು ಎರಡನ್ನೂ ಒಂದೇ ಬಾಟ್ಲಿಯಲ್ಲಿ ಕೊಡಲು ಆಗುತ್ತದಾ ಅಂತಲೂ ಕೇಳಿ. ಹೆಚ್ಚಾಗಿ ಆಗುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡ್ತೇನೆ. ಕಣ್ಣು ಕೆಂಪಾದಾಗ ಮೆಡಿಕಲಿಗೆ ಹೋಗಿ “ಒಂದು ಡ್ರಾಪ್ಸ್ ಕೊಡಿ” ಅನ್ನುವ ಅಭ್ಯಾಸ ನಮ್ಮಲ್ಲಿ ಉಂಟಲ್ಲ, ಅದರಲ್ಲಿ ಸ್ಟಿರಾಯ್ಡ್ ಇದ್ದರೆ, ತಿಂಗಳುಗಟ್ಟಲೆ ಹಾಕಿದರೆ, ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾವೇ ಬರುತ್ತದೆ. ಇಪ್ಪತ್ತರ ಹುಡುಗರಿಗೂ.

ಕೊನೆಯದಾಗಿ, ಕೇಳುವ ನಿಮ್ಮ ಕಣ್ಣಿನ ವಿಷಯ. ಅಪ್ಪ, ಅಮ್ಮ, ಅಣ್ಣ, ತಂಗಿ, ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಉಳಿದವರಿಗೆ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದರಿಂದ ಇದು ಗೊತ್ತಾಗುವುದಿಲ್ಲ. ಒತ್ತಡ ಅಳೆಯಬೇಕು, ಕಣ್ಣಿನ ಹಿಂದಿನ ನರವನ್ನು ಡಾಕ್ಟ್ರು ನೋಡಬೇಕು. ಸುಳ್ಯದ ಮೆಡಿಕಲ್ ಕಾಲೇಜಿನಲ್ಲಿ, ಮಂಗಳೂರಿನ ವೆನ್ಲಾಕ್‌ನಲ್ಲಿ ಕಣ್ಣಿನ ವಿಭಾಗ ಉಂಟು. ದೊಡ್ಡಪ್ಪನ ತಮ್ಮ ಅಂದರೆ ನನ್ನ ಅಪ್ಪ, 61 ವರ್ಷ, ಒಮ್ಮೆಯೂ ಒತ್ತಡ ನೋಡಿಸಿಲ್ಲ. “ನನಗೆ ಎಲ್ಲ ಸರಿ ಕಾಣ್ತದೆ” ಅಂತಾರೆ. ದೊಡ್ಡಪ್ಪನ ಮುಂದಿನ ತಪಾಸಣೆಗೆ ಸುಬ್ರಹ್ಮಣ್ಯ ರೋಡಿನಿಂದ ಮಂಗಳೂರಿಗೆ ಮೂರು ಟಿಕೆಟ್ ತೆಗೆಯುವುದು ಅಂತ ತೀರ್ಮಾನ ಆಗಿದೆ. ಒಂದು ಅವರಿಗೆ, ಒಂದು ಅಪ್ಪನಿಗೆ, ಒಂದು ನನಗೆ. ಅಪ್ಪ ಇನ್ನೂ ಒಪ್ಪಿಲ್ಲ.